ಬಾತ್ ನಗರದ 18ನೇ ಶತಮಾನದ ಸಾಲುಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ನೈಋತ್ಯಕ್ಕೆ, ಏವನ್ ನದಿ ಬಳಸಿ ಹರಿಯುವ ಕಣಿವೆಯಲ್ಲಿ ಬಾತ್ ನಗರವಿದೆ. ಬಿಸಿನೀರಿನ ಬುಗ್ಗೆಗಳಿಂದಾಗಿ ರೋಮನ್ನರ ಕಾಲದಲ್ಲಿಯೇ ಹೆಸರಾಗಿದ್ದ ಈ ಊರು ಇಂದು ಕಣ್ಣಿಗೆ ಕಾಣುವ ರೂಪವನ್ನು ಪಡೆದದ್ದು 18ನೇ ಶತಮಾನದಲ್ಲಿ, ಜೇನುಬಣ್ಣದ ಒಂದೇ ಬಗೆಯ ಕಲ್ಲಿನಲ್ಲಿ ಸಾಲುಸಾಲಾಗಿ ಎದ್ದ ಮನೆಗಳಿಂದ. ಆ ಮನೆಗಳನ್ನು ನೋಡಲು ಹೊರಟವರು, ವಾಸ್ತುಶಿಲ್ಪವನ್ನು ಓದುತ್ತಿರುವವರು ಮತ್ತು ಆ ಊರಿನ ಆಸುಪಾಸಿನಲ್ಲಿ ನೆಲೆಸಿರುವ ಕನ್ನಡಿಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಸಾಲುಮನೆ ಎಂದರೆ ಏನು? ಅದು ನಮ್ಮ ವಠಾರದಂತಹದೇ?

ಅಲ್ಲ. ವಠಾರದಲ್ಲಿ ಒಬ್ಬ ಮಾಲೀಕನ ಜಾಗದೊಳಗೆ ಹಲವು ಬಾಡಿಗೆ ಮನೆಗಳು ಒಂದೇ ಅಂಗಳವನ್ನು ಹಂಚಿಕೊಂಡಿರುತ್ತವೆ. ಬಾತ್‌ನ ಸಾಲುಮನೆಗೆ ನಮ್ಮಲ್ಲಿ ಹತ್ತಿರದ ಹೋಲಿಕೆ ಸಿಗುವುದು ಹಳೆಯ ಅಗ್ರಹಾರಗಳಲ್ಲಿ: ಬೀದಿಗೆ ಮುಖ ಮಾಡಿ ಒಂದಕ್ಕೊಂದು ಅಂಟಿಕೊಂಡ ಮನೆಗಳು, ನಡುವೆ ಜಂಟಿ ಗೋಡೆ, ಪ್ರತಿ ಮನೆಗೂ ತನ್ನದೇ ಬಾಗಿಲು ಮತ್ತು ತನ್ನದೇ ಹಿತ್ತಲು. ವ್ಯತ್ಯಾಸವೆಂದರೆ ಅಗ್ರಹಾರದ ಮನೆ ಹಿಂದಕ್ಕೆ ಹಿಂದಕ್ಕೆ ಬೆಳೆಯುತ್ತದೆ, ಬಾತ್‌ನ ಮನೆ ಮೇಲಕ್ಕೆ ಬೆಳೆಯುತ್ತದೆ. ನೆಲಮಾಳಿಗೆಯಿಂದ ಅಟ್ಟದವರೆಗೆ ನಾಲ್ಕೈದು ಅಂತಸ್ತುಗಳು, ಒಂದೊಂದು ಅಂತಸ್ತಿನಲ್ಲಿ ಎರಡು ಮುಖ್ಯ ಕೋಣೆಗಳು, ಬೀದಿಯ ಕಡೆಗೆ ಸಾಮಾನ್ಯವಾಗಿ ಮೂರು ಕಿಟಕಿಗಳ ಅಗಲ. ಇಡೀ ಮನೆ ಒಂದು ಕುಟುಂಬದ್ದು ಎಂಬ ಎಣಿಕೆಯಲ್ಲಿ ಕಟ್ಟಿದರೂ, ಈ ಊರಿನಲ್ಲಿ ಅನೇಕ ಮನೆಗಳು ಮೊದಲಿನಿಂದಲೂ ಬಾಡಿಗೆಗೆಂದೇ ಎದ್ದವು.

ಅದೇ ಶತಮಾನದಲ್ಲಿ, ಅದೇ ಊರಿನಲ್ಲಿ ಇಷ್ಟೊಂದು ಮನೆಗಳು ಏಕೆ ಬೇಕಾದವು?

ಬರುವವರ ಸಂಖ್ಯೆ ಏರಿದ್ದರಿಂದ. ರಾಣಿ ಆನ್ 1702 ಮತ್ತು 1703ರಲ್ಲಿ ಇಲ್ಲಿಗೆ ಬಂದ ಮೇಲೆ ಬಿಸಿನೀರಿನ ಸ್ನಾನ ಮತ್ತು ಆ ನೀರನ್ನು ಕುಡಿಯುವ ಚಿಕಿತ್ಸೆ ಶ್ರೀಮಂತರಲ್ಲಿ ವಾಡಿಕೆಯಾಯಿತು. ರಿಚರ್ಡ್ ನ್ಯಾಶ್ ಎಂಬಾತ ಊರಿನ ಸಭೆ, ನೃತ್ಯ, ಸಂಗೀತ ಕೂಟಗಳ ನಿಯಂತ್ರಕನಾಗಿ, ಯಾರು ಯಾವಾಗ ಬರಬೇಕು, ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆಲ್ಲ ಶಿಸ್ತು ತಂದ. ಕಾಯಿಲೆಯವರು ಬರುತ್ತಿದ್ದ ಊರಿಗೆ ಕಾಯಿಲೆಯಿಲ್ಲದವರೂ ತಿಂಗಳುಗಟ್ಟಲೆ ಬಂದು ತಂಗತೊಡಗಿದರು. ಶತಮಾನದ ಆರಂಭದಲ್ಲಿ ಕೋಟೆಗೋಡೆಯೊಳಗಿನ ಕೆಲವು ಸಾವಿರ ಜನರ ಊರಾಗಿದ್ದ ಬಾತ್, 1801ರ ಜನಗಣತಿಯ ಹೊತ್ತಿಗೆ 30,000 ದಾಟಿತ್ತು.

ಬೇಡಿಕೆಯೊಂದರಿಂದಲೇ ಮನೆ ಏಳುವುದಿಲ್ಲ. ಸಾಮಗ್ರಿಯೂ ಸಾಗಣೆಯೂ ಬೇಕು. 1727ರಲ್ಲಿ ಏವನ್ ನದಿಯಲ್ಲಿ ಬ್ರಿಸ್ಟಲ್‌ವರೆಗೆ ದೋಣಿ ಸಂಚಾರ ಸಾಧ್ಯವಾಯಿತು. ಅಂಚೆ ವ್ಯವಸ್ಥೆಯ ಸುಧಾರಣೆಯಿಂದ ಹಣ ಮಾಡಿದ ರಾಲ್ಫ್ ಆ್ಯಲೆನ್ ಊರಿನ ದಕ್ಷಿಣದ ಕೂಂಬ್ ಡೌನ್ ಬೆಟ್ಟದ ಕಲ್ಲುಗಣಿಗಳನ್ನು ಕೊಂಡು, ಕಲ್ಲನ್ನು ಕೆಳಗೆ ನದಿದಂಡೆಗೆ ಇಳಿಸಲು ಮರದ ಹಳಿಗಳ ಬಂಡಿದಾರಿಯನ್ನೇ ಹಾಕಿಸಿದ. ತನ್ನ ಕಲ್ಲಿನ ಗುಣ ಎಲ್ಲರ ಕಣ್ಣಿಗೆ ಬೀಳಲೆಂದು ಬೆಟ್ಟದ ಮೇಲೆ ಪ್ರಯರ್ ಪಾರ್ಕ್ ಎಂಬ ಭವ್ಯ ಮನೆಯನ್ನೂ ಕಟ್ಟಿಸಿಕೊಂಡ.

‘ಜಾರ್ಜಿಯನ್’ ಎಂಬ ಹೆಸರು ಎಲ್ಲಿಂದ ಬಂತು?

1714ರಿಂದ 1830ರವರೆಗೆ ಬ್ರಿಟನ್ನನ್ನು ಆಳಿದ ನಾಲ್ವರು ಜಾರ್ಜ್ ದೊರೆಗಳಿಂದ. ಇದು ಕಾಲದ ಹೆಸರೇ ಹೊರತು ಒಂದೇ ಶೈಲಿಯ ಹೆಸರಲ್ಲ. ಬಾತ್‌ನ ಮಟ್ಟಿಗೆ ಆ ಕಾಲದ ಮೂಲಪಾಠವೆಂದರೆ 16ನೇ ಶತಮಾನದ ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೊ ರೋಮನ್ ಕಟ್ಟಡಗಳಿಂದ ಕಲಿತು ಹೇಳಿದ ಅಳತೆ, ಪ್ರಮಾಣ ಮತ್ತು ಸಮಮಿತಿ.

ಈ ಬೀದಿಗಳನ್ನು ಯೋಜಿಸಿದವರು ಯಾರು?

ಮುಖ್ಯವಾಗಿ ಒಂದೇ ಹೆಸರಿನ ತಂದೆ ಮತ್ತು ಮಗ. ತಂದೆ ಜಾನ್ ವುಡ್ 1704ರಲ್ಲಿ ಹುಟ್ಟಿದವರು. 1728ರಲ್ಲಿ ಅವರು ಹಳೆಯ ಊರಿನ ಗೋಡೆಯ ಆಚೆಗೆ ಕ್ವೀನ್ ಸ್ಕ್ವೇರ್ ಎಂಬ ಚೌಕವನ್ನು ಆರಂಭಿಸಿದರು. ಅದರ ಉತ್ತರ ದಿಕ್ಕಿನ ಸಾಲನ್ನು ದೂರದಿಂದ ನೋಡಿದವರಿಗೆ ಅದೊಂದು ಅರಮನೆ ಎಂದೇ ತೋರುತ್ತದೆ: ನಡುವೆ ತ್ರಿಕೋನದ ಮುಕುಟ, ಗೋಡೆಗೆ ಹತ್ತಿಸಿದ ಅರೆಗಂಬಗಳ ಸಾಲು, ಎರಡೂ ತುದಿಗಳಲ್ಲಿ ಸ್ವಲ್ಪ ಮುಂದೆ ಚಾಚಿದ ಭಾಗಗಳು. ಹತ್ತಿರ ಹೋಗಿ ಬಾಗಿಲುಗಳನ್ನು ಎಣಿಸಿದಾಗ ಮಾತ್ರ ಅದು ಹಲವು ಮನೆಗಳ ಸಾಲೆಂದು ತಿಳಿಯುತ್ತದೆ. ಅರಮನೆ ಕಟ್ಟುವ ಶಕ್ತಿಯಿಲ್ಲದವರು ಒಟ್ಟಾಗಿ ಒಂದು ಅರಮನೆಯ ಮುಖವನ್ನು ಹಂಚಿಕೊಳ್ಳಬಹುದು ಎಂಬ ಈ ಯೋಚನೆ ಲಂಡನ್ನಿನಲ್ಲಿ ಮೊದಲೇ ಮೊಳೆತಿತ್ತಾದರೂ, ಅದನ್ನು ಇಷ್ಟು ಪೂರ್ಣವಾಗಿ ಸಾಧಿಸಿ ತೋರಿಸಿದ್ದು ಇಲ್ಲಿ.

1754ರಲ್ಲಿ ಅವರು ಸರ್ಕಸ್ ಎಂಬ ವೃತ್ತಾಕಾರದ ಮನೆಸಾಲಿಗೆ ಅಡಿಪಾಯ ಹಾಕಿ, ಕೆಲವೇ ತಿಂಗಳಲ್ಲಿ ತೀರಿಕೊಂಡರು. ಅದನ್ನು 1768ರ ಹೊತ್ತಿಗೆ ಮುಗಿಸಿದವರು ಮಗ ಜಾನ್ ವುಡ್. ರಾಯಲ್ ಕ್ರೆಸೆಂಟ್ ಎಂಬ ಬಾಗಿದ ಸಾಲು ಮಗನದೇ ಯೋಜನೆ. 1767ರಲ್ಲಿ ಆರಂಭವಾದ ಅದರಲ್ಲಿ 30 ಮನೆಗಳಿವೆ, ತಲೆಯಲ್ಲಿ ಸುರುಳಿಯಿರುವ ಅಯಾನಿಕ್ ಶೈಲಿಯ 114 ಕಂಬಗಳಿವೆ. ನಮ್ಮ ಕಡೆಯ ಕಾಲಗಣನೆಯಲ್ಲಿ ಹೇಳುವುದಾದರೆ, ಅದು ಹೈದರ್ ಅಲಿಗೂ ಇಂಗ್ಲಿಷರಿಗೂ ಮೊದಲನೆಯ ಮೈಸೂರು ಯುದ್ಧ ಆರಂಭವಾದ ವರ್ಷ.

ಮುಂಭಾಗವೆಲ್ಲ ಅಚ್ಚು ಹೊಯ್ದಂತೆ ಒಂದೇ ರೀತಿ ಇದ್ದು, ಹಿಂಭಾಗ ಮಾತ್ರ ಏಕೆ ಅಸ್ತವ್ಯಸ್ತವಾಗಿದೆ?

ಬಾತ್‌ನ ಮನೆಗಳ ಬಗ್ಗೆ ಕೇಳಬೇಕಾದ ಅತಿ ಮುಖ್ಯವಾದ ಪ್ರಶ್ನೆ ಇದೇ ಎಂಬುದು ಈ ಲೇಖಕನ ಅಭಿಪ್ರಾಯ. ಕಂಬ, ಮುಕುಟ, ಕಮಾನುಗಳ ಬಗ್ಗೆ ಎಷ್ಟು ಓದಿದರೂ, ಈ ಮನೆಗಳು ಕಾಗದಪತ್ರದಲ್ಲಿ ಹೇಗೆ ಹುಟ್ಟಿದವು ಎಂಬುದು ತಿಳಿಯದಿದ್ದರೆ ಅವುಗಳ ಆಕಾರ ಅರ್ಥವಾಗುವುದಿಲ್ಲ.

ಜಾನ್ ವುಡ್ ಅವರಲ್ಲಿ ಇಡೀ ಚೌಕವನ್ನು ಕಟ್ಟುವಷ್ಟು ಹಣವಿರಲಿಲ್ಲ. ಭೂಮಾಲೀಕ ರಾಬರ್ಟ್ ಗೇ ಅವರಿಂದ ಅವರು ನೆಲವನ್ನು 99 ವರ್ಷಗಳ ಗುತ್ತಿಗೆಗೆ ಪಡೆದರು. ಚೌಕದಿಂದ ಮೇಲಕ್ಕೆ ಏರುವ ಗೇ ಸ್ಟ್ರೀಟ್‌ಗೆ ಅವರದೇ ಹೆಸರಿದೆ. ಆ ನೆಲವನ್ನು ಒಂದೊಂದು ಮನೆಯ ಅಗಲಕ್ಕೆ ತುಂಡು ಮಾಡಿ, ಕಲ್ಲುಕುಟಿಗರು, ಬಡಗಿಗಳು, ಗಾರೆಯವರು ಮೊದಲಾದ ಕಸುಬುದಾರರಿಗೆ ಒಳಗುತ್ತಿಗೆ ಕೊಟ್ಟರು. ಕರಾರು ಇಷ್ಟೇ: ಬೀದಿಗೆ ಕಾಣುವ ಗೋಡೆಯನ್ನು ವುಡ್ ಕೊಟ್ಟ ನಕ್ಷೆಯಂತೆ, ಹೇಳಿದ ಎತ್ತರಕ್ಕೆ, ಹೇಳಿದ ಕಲ್ಲಿನಲ್ಲಿ ಕಟ್ಟಬೇಕು, ಅದರ ಹಿಂದೆ ಮನೆ ಎಷ್ಟು ಆಳವಿರಬೇಕು, ಕೋಣೆಗಳು ಹೇಗಿರಬೇಕು, ಮೆಟ್ಟಿಲು ಎಲ್ಲಿರಬೇಕು ಎಂಬುದೆಲ್ಲ ಕಟ್ಟುವವನ ಅಥವಾ ಕೊಳ್ಳುವವನ ಇಷ್ಟ. ಕಟ್ಟಡ ಏಳುವವರೆಗೆ ನೆಲಬಾಡಿಗೆ ನಾಮಮಾತ್ರಕ್ಕಿರುತ್ತಿತ್ತು. ಗೋಡೆ ಎದ್ದು ಛಾವಣಿ ಕೂರುವಷ್ಟರಲ್ಲಿ ಗಿರಾಕಿ ಸಿಕ್ಕರೆ ಕಸುಬುದಾರ ಬದುಕಿದ, ಸಿಗದಿದ್ದರೆ ಸಾಲದಲ್ಲಿ ಮುಳುಗಿದ. ಕಸುಬುದಾರರು ಹಣದ ಬದಲು ಕೆಲಸವನ್ನೇ ವಿನಿಮಯ ಮಾಡಿಕೊಳ್ಳುವುದೂ ಉಂಟಿತ್ತು. ಬಡಗಿ ಕಲ್ಲುಕುಟಿಗನ ಮನೆಗೆ ಬಾಗಿಲು ಮಾಡಿಕೊಟ್ಟರೆ, ಅವನು ಇವನ ಗೋಡೆ ಎಬ್ಬಿಸಿಕೊಡುತ್ತಿದ್ದ.

ಆದ್ದರಿಂದ ಮುಂಭಾಗ ಬೀದಿಗೆ ಸೇರಿದ್ದು, ಹಿಂಭಾಗ ಮನೆಗೆ ಸೇರಿದ್ದು. ರಾಯಲ್ ಕ್ರೆಸೆಂಟ್‌ನ ಹಿಂದೆ ಹೋಗಿ ನಿಂತರೆ ಇದು ಒಂದೇ ನೋಟಕ್ಕೆ ಸ್ಪಷ್ಟವಾಗುತ್ತದೆ: ಛಾವಣಿಗಳ ಎತ್ತರ ಬೇರೆ ಬೇರೆ, ಒಂದು ಮನೆ ಹಿಂದಕ್ಕೆ ಉಬ್ಬಿದೆ, ಪಕ್ಕದ್ದು ತಗ್ಗಿದೆ, ಕಿಟಕಿಗಳು ಒಂದರ ಮಟ್ಟಕ್ಕೆ ಒಂದಿಲ್ಲ, ನಯಗೊಳಿಸಿದ ಕಲ್ಲಿನ ಬದಲು ಎಷ್ಟೋ ಕಡೆ ಒರಟು ಕಾಡುಗಲ್ಲು. ಇದನ್ನು ಮೋಸವೆಂದು ಕರೆಯುವವರಿದ್ದಾರೆ. ಆದರೆ ಬೀದಿಯಲ್ಲಿ ನಡೆಯುವ ಎಲ್ಲರಿಗೂ ಸೇರಿದ ನೋಟಕ್ಕೆ ಎಲ್ಲರೂ ಬಗ್ಗಿ, ತಮ್ಮ ತಮ್ಮ ಬದುಕಿಗೆ ಬೇಕಾದದ್ದನ್ನು ಹಿತ್ತಲ ಕಡೆ ಮಾಡಿಕೊಂಡ ಈ ಒಪ್ಪಂದದಲ್ಲಿ ಪ್ರಾಮಾಣಿಕತೆಯೇ ಹೆಚ್ಚಾಗಿ ಕಾಣುತ್ತದೆ.

‘ಸರ್ಕಸ್’ ಎಂದರೆ ಪ್ರಾಣಿಗಳ ಸರ್ಕಸ್ಸಿಗೂ ಅದಕ್ಕೂ ಸಂಬಂಧವಿದೆಯೇ?

ಇಲ್ಲ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ವೃತ್ತ ಎಂದು ಅರ್ಥ. ಮೂರು ಬೀದಿಗಳು ಬಂದು ಸೇರುವ ವೃತ್ತದ ಸುತ್ತ ಮೂರು ಬಾಗಿದ ಮನೆಸಾಲುಗಳು ನಿಂತಿವೆ. ಯಾವ ಬೀದಿಯಿಂದ ಒಳಗೆ ಬಂದರೂ ಎದುರಿಗೆ ಖಾಲಿ ದಾರಿ ಕಾಣದೆ ಒಂದು ಸಾಲಿನ ಮುಖವೇ ಕಾಣುವಂತೆ ಅವುಗಳ ಜೋಡಣೆಯಿದೆ. ಜೋಡಿ ಕಂಬಗಳು ಮೂರು ಅಂತಸ್ತುಗಳಲ್ಲಿ ಒಂದರ ಮೇಲೊಂದು ನಿಂತಿವೆ: ಕೆಳಗೆ ಸರಳವಾದ ಡೋರಿಕ್, ನಡುವೆ ಸುರುಳಿಯ ಅಯಾನಿಕ್, ಮೇಲೆ ಎಲೆಗಳ ಕೆತ್ತನೆಯ ಕೊರಿಂಥಿಯನ್. ರೋಮಿನ ಕೊಲೋಸಿಯಮ್‌ನ ಹೊರಮೈಯನ್ನು ಒಳಕ್ಕೆ ತಿರುಗಿಸಿದಂತಿದೆ ಎಂಬ ಮಾತು ಹಳೆಯದು, ಸರಿಯಾದದ್ದೂ ಹೌದು.

ತಂದೆ ವುಡ್ ಅವರಿಗೆ ಪ್ರಾಚೀನ ಬ್ರಿಟನ್ನಿನ ಡ್ರೂಯಿಡ್ ಪುರೋಹಿತರ ಬಗ್ಗೆ ಅಪಾರ ನಂಬಿಕೆಯಿತ್ತು. 1740ರಲ್ಲಿ ಅವರು, ಆ ಪುರೋಹಿತರದೆಂದು ತಾವು ನಂಬಿದ್ದ ಸ್ಟೋನ್‌ಹೆಂಜ್‌ನ ಪ್ರಾಚೀನ ಕಲ್ಲುವೃತ್ತವನ್ನು ಸ್ವತಃ ಅಳೆದಿದ್ದರು. 318 ಅಡಿ ವ್ಯಾಸದ ಸರ್ಕಸ್‌ಗೆ ಆ ಅಳತೆಯೇ ಪ್ರೇರಣೆ ಎಂದು ವಿದ್ವಾಂಸರು ಹೇಳುತ್ತಾರೆ. ನೆಲ ಅಂತಸ್ತಿನ ಕಂಬಗಳ ಮೇಲಿನ ಪಟ್ಟಿಕೆಯಲ್ಲಿ ಹಾವು, ವಾದ್ಯ, ಹಡಗಿನ ಸಾಮಗ್ರಿ, ವಿಜ್ಞಾನದ ಉಪಕರಣ ಮೊದಲಾದ 500ಕ್ಕೂ ಹೆಚ್ಚು ಸಣ್ಣ ಕೆತ್ತನೆಗಳಿವೆ. ಬೇಲೂರಿನ ಪಟ್ಟಿಕೆಗಳನ್ನು ನಿಧಾನವಾಗಿ ನೋಡಿ ಅಭ್ಯಾಸವಿರುವವರು ಇಲ್ಲಿಯೂ ಒಂದು ಗಂಟೆ ಕಳೆಯಬಹುದು. ಛಾವಣಿಯಂಚಿನಲ್ಲಿ ಕಲ್ಲಿನ ಓಕ್ ಕಾಯಿಗಳ ಸಾಲಿದೆ. ಕುಷ್ಠರೋಗದಿಂದ ಬಳಲಿ ಹಂದಿ ಕಾಯುತ್ತಿದ್ದ ಬ್ಲಾಡಡ್ ಎಂಬ ರಾಜಕುಮಾರ, ತನ್ನ ಹಂದಿಗಳು ಬಿಸಿಕೆಸರಿನಲ್ಲಿ ಹೊರಳಿ ಗುಣವಾದದ್ದನ್ನು ಕಂಡು ತಾನೂ ಮಿಂದು ಗುಣಮುಖನಾಗಿ ಊರನ್ನು ಕಟ್ಟಿದನೆಂಬ ಸ್ಥಳಪುರಾಣವನ್ನು, ಆ ಹಂದಿಗಳ ಮೇವಾದ ಓಕ್ ಕಾಯಿ ನೆನಪಿಸುತ್ತದೆ. ಇಂದು ನಡುವೆ ನಿಂತಿರುವ ದೊಡ್ಡ ಮರಗಳು ನಂತರ ನೆಟ್ಟವು. ಮೊದಲು ಅಲ್ಲಿ ಕಲ್ಲುಹಾಸು ಮತ್ತು ಮನೆಗಳಿಗೆ ನೀರು ಒದಗಿಸುವ ತೊಟ್ಟಿ ಮಾತ್ರ ಇದ್ದವು.

ಬಾತ್ ಕಲ್ಲಿನ ವಿಶೇಷವೇನು?

ಇದು ಜುರಾಸಿಕ್ ಯುಗದ ಸಮುದ್ರತಳದಲ್ಲಿ ಕೂಡಿದ ಸುಣ್ಣದ ಕಲ್ಲು. ಭೂತಗನ್ನಡಿ ಹಿಡಿದು ನೋಡಿದರೆ ಮೀನಿನ ಮೊಟ್ಟೆಗಳಂತಹ ಪುಟ್ಟ ದುಂಡು ಕಾಳುಗಳು ಒತ್ತೊತ್ತಾಗಿ ಕಾಣುತ್ತವೆ. ಗಣಿಯಿಂದ ಹೊರಬಂದಾಗ ಒಳಗಿನ ತೇವದಿಂದಾಗಿ ಮೆತ್ತಗಿದ್ದು, ಗರಗಸದಲ್ಲಿ ಕೊಯ್ಯುವಷ್ಟು, ಉಳಿಯಲ್ಲಿ ಯಾವ ದಿಕ್ಕಿಗಾದರೂ ಕೆತ್ತುವಷ್ಟು ಹದವಾಗಿರುತ್ತದೆ; ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ನಮ್ಮ ಹೊಯ್ಸಳ ಶಿಲ್ಪಿಗಳಿಗೆ ಬಳಪದ ಕಲ್ಲು ಕೊಟ್ಟ ಅನುಕೂಲವೂ ಇದೇ ಬಗೆಯದು, ಕಲ್ಲಿನ ಜಾತಿ ಬೇರೆಯಾದರೂ.

ಒಂದು ನಿಯಮವನ್ನು ಮಾತ್ರ ಮೀರುವಂತಿಲ್ಲ: ನೆಲದಲ್ಲಿ ಕಲ್ಲಿನ ಪದರಗಳು ಮಲಗಿದ್ದ ರೀತಿಯಲ್ಲಿಯೇ ಗೋಡೆಯಲ್ಲಿಯೂ ಅವನ್ನು ಮಲಗಿಸಬೇಕು. ಪದರಗಳು ಹೊರಮೈಗೆ ಸಮಾನಾಂತರವಾಗಿ ನಿಲ್ಲುವಂತೆ ಇಟ್ಟರೆ ಮಳೆ ಮತ್ತು ಹಿಮಕ್ಕೆ ಅವು ಹಪ್ಪಳದಂತೆ ಕಳಚಿ ಬೀಳುತ್ತವೆ. ಕೂಂಬ್ ಡೌನ್‌ನ ಕಲ್ಲನ್ನು ನೆಲದಡಿಯ ಸುರಂಗಗಳಿಂದಲೂ ತೆಗೆಯಲಾಗಿತ್ತು. ಮೇಲೆ ಬೆಳೆದ ಹಳ್ಳಿ ಕುಸಿಯುವ ಅಪಾಯವಿದ್ದುದರಿಂದ ಈ ಶತಮಾನದ ಮೊದಲ ದಶಕದಲ್ಲಿ ಆ ಪೊಳ್ಳುಗಳಿಗೆ ನೊರೆ ಕಾಂಕ್ರೀಟ್ ತುಂಬಿಸಬೇಕಾಯಿತು. ಊರಿನ ಎಷ್ಟೋ ಮನೆಗಳು ಬೆಟ್ಟದ ಹೊಟ್ಟೆಯಿಂದ ಬಂದವು ಎಂಬುದು ಉಪಮೆಯಲ್ಲ.

ಮನೆಯ ಒಳಗಿನ ವ್ಯವಸ್ಥೆ ಹೇಗಿತ್ತು?

ಬೀದಿಯಿಂದ ನೋಡಿದಾಗ ಕಬ್ಬಿಣದ ಕಂಬಿ ಬೇಲಿಯ ಹಿಂದೆ ಮನೆಗೂ ಕಾಲುದಾರಿಗೂ ನಡುವೆ ಒಂದು ಆಳವಾದ ಕಿರು ಅಂಗಳ ಕಾಣುತ್ತದೆ. ಅಲ್ಲಿಗೆ ಇಳಿಯುವ ಮೆಟ್ಟಿಲು ಸೇವಕರದು ಮತ್ತು ಸಾಮಾನು ತರುವವರದು. ನೆಲಮಾಳಿಗೆಯಲ್ಲಿ ಅಡುಗೆಮನೆ, ಪಾತ್ರೆ ತೊಳೆಯುವ ಕೋಣೆ, ಉಗ್ರಾಣಗಳು. ಎದುರಿಗೆ, ಕಾಲುದಾರಿಯ ಅಡಿಯಲ್ಲಿಯೇ, ಕಮಾನಿನ ಕಲ್ಲಿದ್ದಲು ಕೋಣೆಗಳು. ಮೇಲಿನ ದುಂಡು ಕಬ್ಬಿಣದ ಮುಚ್ಚಳ ತೆಗೆದು ಇದ್ದಲನ್ನು ನೇರವಾಗಿ ಸುರಿಯುತ್ತಿದ್ದರು. ನೆಲವನ್ನು ಆಳವಾಗಿ ಅಗೆಯುವ ಬದಲು ಬೀದಿಯನ್ನೇ ಎತ್ತರಿಸಿ ಕಟ್ಟುತ್ತಿದ್ದುದರಿಂದ, ಮುಂದಿನಿಂದ ನೆಲಮಾಳಿಗೆಯಾಗಿ ಕಾಣುವ ಅಂತಸ್ತು ಹಿಂದೆ ಎಷ್ಟೋ ಕಡೆ ಹಿತ್ತಲಿನ ಮಟ್ಟಕ್ಕೇ ಇರುತ್ತದೆ.

ನೆಲ ಅಂತಸ್ತಿನಲ್ಲಿ ಪಡಸಾಲೆ, ಊಟದ ಕೋಣೆ, ಹಿಂದೊಂದು ಸಣ್ಣ ಕೋಣೆ. ಪಡಸಾಲೆ ವಿಶಾಲವಾಗಿದ್ದರೆ ಇಬ್ಬರು ಹೊರುವ ಕುರ್ಚಿಯಂತಹ ಮೇನೆಯನ್ನು ಒಳಗೇ ತಂದು ಇಳಿಸಬಹುದಿತ್ತು. ಕಡಿದಾದ ಏರುಗಳ ಈ ಊರಿನಲ್ಲಿ ಸ್ನಾನ ಮುಗಿಸಿದವರು ಬಟ್ಟೆ ಸುತ್ತಿಕೊಂಡು ಮನೆಗೆ ಮರಳುತ್ತಿದ್ದುದು ಅಂತಹ ಮೇನೆಗಳಲ್ಲಿಯೇ. ಮೊದಲ ಮಹಡಿಯಲ್ಲಿ ದಿವಾನಖಾನೆ. ಮನೆಯ ಅತ್ಯುತ್ತಮ ಕೋಣೆ ಅದು. ಬೀದಿಯ ಧೂಳಿಗೂ ಸದ್ದಿಗೂ ಮೇಲೆ, ಅತಿ ಎತ್ತರದ ಛಾವಣಿ, ಅತಿ ಉದ್ದದ ಕಿಟಕಿಗಳು. ಎರಡನೆಯದರಲ್ಲಿ ಮಲಗುವ ಕೋಣೆಗಳು. ಅಟ್ಟದಲ್ಲಿ, ಚಳಿಗೂ ಸೆಕೆಗೂ ಮೊದಲು ಈಡಾಗುವ ಜಾಗದಲ್ಲಿ, ಸೇವಕರು. ಹೊರಗೆ ನಿಂತು ಕಿಟಕಿಗಳ ಎತ್ತರವನ್ನು ನೋಡಿದರೆ ಸಾಕು, ಯಾವ ಅಂತಸ್ತಿನಲ್ಲಿ ಯಾರಿಗೆ ಎಷ್ಟು ಮಾನವಿತ್ತು ಎಂಬುದು ತಿಳಿಯುತ್ತದೆ.

ಒಳ್ಳೆಯ ಮನೆಗಳಲ್ಲಿ ಮೆಟ್ಟಿಲುಗಳು ಕಲ್ಲಿನವು. ಪ್ರತಿ ಮೆಟ್ಟಿಲಿನ ಒಂದು ತುದಿ ಗೋಡೆಯಲ್ಲಿ ಹುದುಗಿ, ಉಳಿದ ಭಾರ ಕೆಳಗಿನ ಮೆಟ್ಟಿಲಿನ ಮೇಲೆ ಕೂರುವುದರಿಂದ ಇಡೀ ಮೆಟ್ಟಿಲಸಾಲು ಗಾಳಿಯಲ್ಲಿ ತೇಲಿದಂತೆ ತೋರುತ್ತದೆ. ಆದರೆ ಆ ಮನೆಗಳಲ್ಲಿ ನೀರು, ಇದ್ದಲು, ಬೂದಿ, ಮಲಮೂತ್ರದ ಪಾತ್ರೆ ಎಲ್ಲವೂ ದಿನಕ್ಕೆ ಹಲವು ಬಾರಿ ನಾಲ್ಕೈದು ಅಂತಸ್ತು ಏರಿ ಇಳಿದದ್ದು ಮನುಷ್ಯರ ಕೈಯಲ್ಲಿ, ಹೆಚ್ಚಾಗಿ ಎಳೆಯ ಹೆಣ್ಣುಮಕ್ಕಳ ಕೈಯಲ್ಲಿ. ಆ ಮೆಟ್ಟಿಲುಗಳ ಸೊಬಗನ್ನು ಹೊಗಳುವಾಗ ಅವರನ್ನೂ ನೆನೆಯಬೇಕು.

ಕಿಟಕಿಗಳಲ್ಲಿ ಸಣ್ಣ ಸಣ್ಣ ಗಾಜುಗಳೇ ಏಕೆ?

ಅಂದು ದೊಡ್ಡ ಗಾಜು ಸಿಗುತ್ತಿರಲಿಲ್ಲ ಎಂಬುದೇ ಮೂಲ ಕಾರಣ. ಕಾದ ಗಾಜಿನ ಉಂಡೆಯನ್ನು ಊದಿ, ಗರಗರನೆ ತಿರುಗಿಸಿ, ಅಗಲವಾದ ತಟ್ಟೆಯಂತೆ ಹರಡಿಸಿ, ನಡುವಿನ ಗಂಟನ್ನು ಬಿಟ್ಟು ಸುತ್ತಲಿನ ತೆಳುಭಾಗವನ್ನು ಚೌಕಗಳಾಗಿ ಕೊಯ್ಯುತ್ತಿದ್ದರು. ಅಂತಹ ಗಾಜಿನಲ್ಲಿ ಸಣ್ಣ ಅಲೆಗಳಿರುತ್ತವೆ. ಸಂಜೆಯ ಬೆಳಕಿನಲ್ಲಿ ಒಂದೊಂದು ಚೌಕವೂ ಒಂದೊಂದು ಓರೆಯಲ್ಲಿ ಮಿನುಗುತ್ತದೆ. ಮೇಲೆ ಆರು, ಕೆಳಗೆ ಆರು ಗಾಜುಗಳ ಎರಡು ಚೌಕಟ್ಟುಗಳು ಮೇಲೆ ಕೆಳಗೆ ಜಾರುವ ಸ್ಯಾಶ್ ಕಿಟಕಿ ಈ ಮನೆಗಳ ಗುರುತು. ಚೌಕಟ್ಟಿನ ಪಕ್ಕದ ಮರದ ಪೆಟ್ಟಿಗೆಯಲ್ಲಿ ಹಗ್ಗ, ರಾಟೆ ಮತ್ತು ಸಮತೂಕದ ಲೋಹದ ಗುಂಡು ಅಡಗಿರುವುದರಿಂದ ಭಾರದ ಕಿಟಕಿಯೂ ಒಂದು ಕೈಗೆ ಏಳುತ್ತದೆ.

ಶತಮಾನದ ಆರಂಭದಲ್ಲಿ ದಪ್ಪವಾಗಿದ್ದ ಗಾಜುಪಟ್ಟಿಗಳು ಕೊನೆಯ ಹೊತ್ತಿಗೆ ಬಹಳ ತೆಳ್ಳಗಾದವು. ಮನೆಯ ಕಾಲವನ್ನು ಊಹಿಸಲು ಇದೊಂದು ನಂಬಬಹುದಾದ ಸುಳಿವು. 19ನೇ ಶತಮಾನದಲ್ಲಿ ದೊಡ್ಡ ಗಾಜು ಬಂದ ಮೇಲೆ ಅನೇಕರು ಪಟ್ಟಿಗಳನ್ನು ಕಿತ್ತು, ದಿವಾನಖಾನೆಯ ಕಿಟಕಿಗಳ ತಳವನ್ನು ಕೆಳಕ್ಕೆ ಕಡಿಸಿದರು. ಒಂದೇ ಸಾಲಿನಲ್ಲಿ ಕಿಟಕಿಗಳ ಮಟ್ಟ ಅಲ್ಲಲ್ಲಿ ತಪ್ಪಿರುವುದಕ್ಕೆ ಅದೇ ಕಾರಣ.

ಕಲ್ಲಿನಿಂದ ಮುಚ್ಚಿದ ಕಿಟಕಿಗಳು ತೆರಿಗೆ ತಪ್ಪಿಸಲು ಮಾಡಿದವೇ?

ಕೆಲವು ಹೌದು, ಎಲ್ಲವೂ ಅಲ್ಲ. ಕಿಟಕಿಗಳ ಸಂಖ್ಯೆಯ ಮೇಲೆ ತೆರಿಗೆ 1696ರಿಂದ 1851ರವರೆಗೆ ಇತ್ತು, ಅದಕ್ಕೆ ಅಂಜಿ ಕಿಟಕಿ ಮುಚ್ಚಿದವರೂ ಇದ್ದರು. ಆದರೆ ಒಳಗೆ ಅಗ್ಗಿಷ್ಟಿಕೆಯ ಹೊಗೆಗೂಡೋ ಅಡ್ಡಗೋಡೆಯೋ ಇರುವ ಕಡೆ, ಹೊರಗಿನ ಸಮಮಿತಿ ಕೆಡದಿರಲೆಂದು ಮೊದಲಿನಿಂದಲೇ ಕುರುಡು ಕಿಟಕಿಯಾಗಿ ಕಟ್ಟಿದ್ದೂ ಸಾಕಷ್ಟಿದೆ.

ಈ ಮನೆಗಳಲ್ಲಿ ಯಾರಿದ್ದರು? ಹಣ ಎಲ್ಲಿಂದ ಬಂತು?

ಸರ್ಕಸ್‌ನಲ್ಲಿ ಚಿತ್ರಕಾರ ಥಾಮಸ್ ಗೇನ್ಸ್‌ಬರೋ ಇದ್ದರು. ಚಿತ್ರ ಬರೆಸಿಕೊಳ್ಳುವ ಶ್ರೀಮಂತರು ಬಾಗಿಲಿಗೇ ಬರುತ್ತಿದ್ದರು. ಕಾದಂಬರಿಕಾರ್ತಿ ಜೇನ್ ಆಸ್ಟಿನ್ 1801ರಿಂದ 1806ರವರೆಗೆ ಈ ಊರಿನಲ್ಲಿ ಮನೆಯಿಂದ ಮನೆಗೆ ಬಾಡಿಗೆಯಲ್ಲಿ ಬದುಕಿದರು. ಅವರಂತೆ ಬಹುಪಾಲು ಜನ ತಾತ್ಕಾಲಿಕ ನಿವಾಸಿಗಳು. ಒಂದಿಡೀ ಮನೆಯನ್ನೋ ಒಂದು ಅಂತಸ್ತನ್ನೋ ಹಂಗಾಮಿಗೆ ಬಾಡಿಗೆಗೆ ಹಿಡಿಯುವವರು.

ಸರ್ಕಸ್‌ನ 14ನೇ ಮನೆಯೊಂದಿಗೆ ರಾಬರ್ಟ್ ಕ್ಲೈವ್‌ನ ಹೆಸರಿದೆ. ಪ್ಲಾಸಿ ಕದನದ ನಂತರ ಬಂಗಾಳದಿಂದ ಅವನು ಹೊತ್ತುಹೋದ ಸಂಪತ್ತು ನಮ್ಮ ಶಾಲೆಯ ಪಾಠಗಳಲ್ಲಿಯೇ ಇದೆ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನ್ನರ ಶ್ರಮದಿಂದ ಬಂದ ಹಣವೂ ಈ ಊರಿನಲ್ಲಿ ಧಾರಾಳವಾಗಿ ಹರಿಯಿತು. ಬ್ರಿಸ್ಟಲ್ ಬಂದರು ಆ ವ್ಯಾಪಾರದ ದೊಡ್ಡ ಕೇಂದ್ರವಾಗಿತ್ತು, ಮತ್ತು ಇಲ್ಲಿನ ಬಾಗಿಲು ಹಾಗೂ ಮೆಟ್ಟಿಲ ಕೈಹಿಡಿಗಳಿಗೆ ಬಳಸಿದ ಮಹಾಗನಿ ಮರವೂ ಆ ದ್ವೀಪಗಳ ಕಡೆಯಿಂದಲೇ ಬರುತ್ತಿತ್ತು. ಈ ಮನೆಗಳ ಪ್ರಮಾಣಬದ್ಧ ಸೌಂದರ್ಯ ನಿಜ, ಅದರ ಬೆಲೆಯನ್ನು ತೆತ್ತವರು ಬೇರೆಲ್ಲೋ ಇದ್ದರೆಂಬುದೂ ಅಷ್ಟೇ ನಿಜ.

ಶ್ರೀಮಂತರಲ್ಲದವರ ಮನೆಗಳು ಉಳಿದಿವೆಯೇ?

ಉಳಿದಿರುವುದರಲ್ಲಿ ಅತ್ಯಂತ ಪ್ರೀತಿಯಿಂದ ನೋಡಬೇಕಾದದ್ದು ನ್ಯೂ ಕಿಂಗ್ ಸ್ಟ್ರೀಟ್‌ನ 19ನೇ ಮನೆ. ಸಂಗೀತಗಾರನಾಗಿ ಈ ಊರಿಗೆ ಬಂದ ವಿಲಿಯಂ ಹರ್ಷೆಲ್, ತಂಗಿ ಕ್ಯಾರೊಲಿನ್ ಜೊತೆಗೆ ಅಲ್ಲಿದ್ದರು. 1781ರ ಮಾರ್ಚ್ 13ರ ರಾತ್ರಿ ಅದರ ಹಿತ್ತಲಲ್ಲಿ, ತಾವೇ ಮಾಡಿದ ದೂರದರ್ಶಕದಿಂದ ಅವರು ಯುರೇನಸ್ ಗ್ರಹವನ್ನು ಕಂಡರು. ಮುಂದೆ ಇನ್ನೂ ದೊಡ್ಡ ಕನ್ನಡಿಯನ್ನು ಎರಕ ಹೊಯ್ಯಲು ಹೋದಾಗ ಕಾದ ಲೋಹ ಸೋರಿ ಕಲ್ಲುಹಾಸು ಸಿಡಿಯಿತು; ಬಿರುಕು ಬಿಟ್ಟ ಆ ಚಪ್ಪಡಿಗಳು ಇಂದಿಗೂ ಅಲ್ಲಿವೆ, ಮನೆ ವಸ್ತುಸಂಗ್ರಹಾಲಯವಾಗಿದೆ. ಅಲಂಕಾರವಿಲ್ಲದ, ಕಿರಿದಾದ ಮುಂಭಾಗದ ಈ ಮನೆಯೇ ಆ ಕಾಲದ ಮಧ್ಯಮ ವರ್ಗದ ಸಾಲುಮನೆಯ ನಿಜವಾದ ಮಾದರಿ.

ಕಸುಬುದಾರರ ಇನ್ನೂ ಸಣ್ಣ ಮನೆಗಳ ಸಾಲುಗಳಲ್ಲಿ ಬಹಳಷ್ಟನ್ನು 1960ರ ದಶಕದಿಂದ 1970ರ ದಶಕದ ಆರಂಭದವರೆಗೆ ನೆಲಸಮ ಮಾಡಲಾಯಿತು. ದೊಡ್ಡ ಸ್ಮಾರಕಗಳನ್ನು ಉಳಿಸಿ ಅವುಗಳ ನೆರೆಹೊರೆಯನ್ನು ಕೆಡವಿದ ಆ ನಿರ್ಧಾರ ದೊಡ್ಡ ತಪ್ಪಾಗಿತ್ತು. ಸಾರ್ವಜನಿಕರ ಪ್ರತಿಭಟನೆ ಅದನ್ನು ತಡೆದದ್ದು ತಡವಾಗಿ.

ಕೆಲವು ಬೀದಿಗಳು ಅರ್ಧಕ್ಕೇ ನಿಂತಂತೆ ಕಾಣುವುದೇಕೆ?

ಅವು ನಿಜವಾಗಿಯೂ ಅರ್ಧಕ್ಕೇ ನಿಂತವು. ರಾಬರ್ಟ್ ಆ್ಯಡಮ್ ವಿನ್ಯಾಸದ, ಅಂಗಡಿಗಳನ್ನು ಹೊತ್ತ ಪುಲ್ಟ್ನಿ ಸೇತುವೆ 1774ರಲ್ಲಿ ಮುಗಿದ ಮೇಲೆ ನದಿಯಾಚೆ ಹೊಸ ಬಡಾವಣೆಗೆ ದಾರಿಯಾಯಿತು. ಥಾಮಸ್ ಬಾಲ್ಡ್‌ವಿನ್ ಅಲ್ಲಿ ಗ್ರೇಟ್ ಪುಲ್ಟ್ನಿ ಸ್ಟ್ರೀಟ್ ಎಂಬ ವಿಶಾಲವಾದ ನೇರ ಬೀದಿಯನ್ನು ಯೋಜಿಸಿದರು. 1793ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಆರಂಭವಾಗಿ, ಸಾಲ ಕೊಟ್ಟಿದ್ದ ಊರಿನ ಬ್ಯಾಂಕುಗಳು ಮುಳುಗಿದವು. ಕಸುಬುದಾರರು ದಿವಾಳಿಯಾದರು, ಬಾಲ್ಡ್‌ವಿನ್ ಅವರೂ ದಿವಾಳಿಯಾದರು. ಅಡ್ಡಬೀದಿಗಳು ಕೆಲವೇ ಮನೆಗಳ ನಂತರ ಹಠಾತ್ತನೆ ಮುಗಿಯುವುದು ಆ ಆಘಾತದ ಗುರುತು. ಕ್ಯಾಮ್ಡೆನ್ ಕ್ರೆಸೆಂಟ್‌ನ ಕಥೆ ಬೇರೆ: ಅಲ್ಲಿ ಪೂರ್ವದ ತುದಿಯ ನೆಲವೇ ಕುಸಿದು, ನಡುವೆ ಇರಬೇಕಾಗಿದ್ದ ಮುಕುಟ ಈಗ ಒಂದು ಪಕ್ಕಕ್ಕೆ ಸರಿದಂತೆ ನಿಂತಿದೆ.

ಹಳೆಯ ಛಾಯಾಚಿತ್ರಗಳಲ್ಲಿ ಇವೇ ಮನೆಗಳು ಕಪ್ಪಾಗಿವೆಯಲ್ಲ?

ಅದು ಇದ್ದಲ ಹೊಗೆಯ ಫಲ. ಹೊಗೆಯಲ್ಲಿನ ಗಂಧಕ ಮಳೆನೀರಿನೊಂದಿಗೆ ಸೇರಿ ಸುಣ್ಣದ ಕಲ್ಲಿನ ಮೇಲ್ಮೈಯನ್ನು ಜಿಪ್ಸಮ್ ಆಗಿ ಮಾರ್ಪಡಿಸುತ್ತದೆ, ಆ ಪೊರೆಯಲ್ಲಿ ಮಸಿ ಸಿಕ್ಕಿಕೊಳ್ಳುತ್ತದೆ. 20ನೇ ಶತಮಾನದ ಉತ್ತರಾರ್ಧದಲ್ಲಿ ಹೊಗೆ ತಗ್ಗಿದ ಮೇಲೆ ಹಂತಹಂತವಾಗಿ ತೊಳೆಸಿದರು. 1942ರ ಏಪ್ರಿಲ್ 25ರಿಂದ 27ರವರೆಗಿನ ಜರ್ಮನ್ ಬಾಂಬ್ ದಾಳಿಯಲ್ಲಿ 400ಕ್ಕೂ ಹೆಚ್ಚು ಜನ ಸತ್ತು, ಮಗ ವುಡ್ ಕಟ್ಟಿದ್ದ ಅಸೆಂಬ್ಲಿ ರೂಮ್ಸ್ ಎಂಬ ನೃತ್ಯಕೂಟಗಳ ಸಭಾಭವನ ಸುಟ್ಟುಹೋಗಿ, ಕ್ವೀನ್ ಸ್ಕ್ವೇರ್‌ನ ದಕ್ಷಿಣದ ಸಾಲಿಗೂ ಪೆಟ್ಟು ಬಿದ್ದಿತ್ತು. ಇಂದು ಹಳೆಯದಾಗಿ ಕಾಣುವ ಗೋಡೆಗಳಲ್ಲಿ ಕೆಲವು ಯುದ್ಧದ ನಂತರ ಎದ್ದವು. ಇಡೀ ನಗರ 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಂತಹ ಮನೆಯಲ್ಲಿ ಬಾಡಿಗೆಗೆ ಇರುವವರು ಏನನ್ನು ತಿಳಿದಿರಬೇಕು?

ಹೆಚ್ಚಿನ ಮನೆಗಳು ಈಗ ಅಂತಸ್ತಿಗೊಂದರಂತೆ ಫ್ಲ್ಯಾಟ್‌ಗಳಾಗಿವೆ. ದಿವಾನಖಾನೆಯಲ್ಲಿ ಬೆಳಕು ಧಾರಾಳ, ಆದರೆ ಒಂಟಿ ಗಾಜಿನ ಕಿಟಕಿಗಳಿಂದ ಚಳಿಯೂ ಧಾರಾಳ. ಗೋಡೆಯೊಳಗೆ ಮಡಚಿಟ್ಟ ಮರದ ಬಾಗಿಲುಗಳು ಕಿಟಕಿಯ ಪಕ್ಕದಲ್ಲಿದ್ದರೆ ರಾತ್ರಿ ಮುಚ್ಚುವುದು ಅತಿ ಸುಲಭದ ಪರಿಹಾರ. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿ ಕಲ್ಲಿನ ಮೈ ಸಿಡಿಯುತ್ತದೆ. ಆದ್ದರಿಂದ ಸಣ್ಣ ಬಿರುಕಿಗೂ ಸುಣ್ಣವನ್ನೇ ಬಳಸಬೇಕು. ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿರುವ ಮನೆಗಳಲ್ಲಿ ಅವುಗಳ ಸ್ವರೂಪಕ್ಕೆ ಧಕ್ಕೆ ತರುವ ಬದಲಾವಣೆಗೆ, ಒಳಗಾದರೂ ಹೊರಗಾದರೂ, ಪುರಸಭೆಯ ಆಡಳಿತದ ಅನುಮತಿ ಬೇಕು. 1970ರ ದಶಕದಲ್ಲಿ ರಾಯಲ್ ಕ್ರೆಸೆಂಟ್‌ನ ಒಂದು ಬಾಗಿಲಿಗೆ ಹಳದಿ ಬಣ್ಣ ಬಳಿದದ್ದೇ ಸಾರ್ವಜನಿಕ ವಿಚಾರಣೆಯವರೆಗೆ ಹೋಗಿತ್ತು. ತೀರ್ಮಾನ ಬಾಗಿಲಿನ ಒಡತಿಯ ಪರವಾಗಿ ಬಂತು.

ಲಂಡನ್, ಡಬ್ಲಿನ್, ಎಡಿನ್‌ಬರೋ ಸಾಲುಮನೆಗಳಿಗಿಂತ ಇವು ಹೇಗೆ ಭಿನ್ನ?

ಲಂಡನ್ ಮತ್ತು ಡಬ್ಲಿನ್‌ನವು ಬಹುತೇಕ ಇಟ್ಟಿಗೆಯವು, ಎಡಿನ್‌ಬರೋದವು ಬೂದುಬಣ್ಣದ ಮರಳುಗಲ್ಲಿನವು. ಅವೆಲ್ಲ ಹೆಚ್ಚಾಗಿ ಸಮತಟ್ಟಾದ ಚೌಕ ಮತ್ತು ನೇರ ಬೀದಿಗಳನ್ನು ನೆಚ್ಚಿದರೆ, ಬಾತ್ ತನ್ನ ಬೆಟ್ಟದ ಇಳಿಜಾರುಗಳಿಗೆ ತಕ್ಕಂತೆ ಬಾಗಲು ಕಲಿಯಿತು.

ಒಂದೇ ದಿನ ಇದ್ದರೆ ಯಾವ ಕ್ರಮದಲ್ಲಿ ನೋಡಬೇಕು?

ಕಟ್ಟಿದ ಕ್ರಮದಲ್ಲಿಯೇ ನಡೆಯುವುದು ಉತ್ತಮ. ಕ್ವೀನ್ ಸ್ಕ್ವೇರ್‌ನಲ್ಲಿ ಆರಂಭಿಸಿ, ಗೇ ಸ್ಟ್ರೀಟ್‌ನ ಏರನ್ನು ಹತ್ತಿ ಸರ್ಕಸ್ ತಲುಪಬೇಕು. ಅಲ್ಲಿಂದ ಬ್ರಾಕ್ ಸ್ಟ್ರೀಟ್ ಹಿಡಿದರೆ, ಬೇಕೆಂದೇ ಸರಳವಾಗಿಟ್ಟ ಆ ಬೀದಿಯ ಕೊನೆಯವರೆಗೂ ಮುಂದೇನಿದೆ ಎಂಬ ಸುಳಿವು ಸಿಗುವುದಿಲ್ಲ. ಮೂಲೆ ತಿರುಗಿದೊಡನೆ ರಾಯಲ್ ಕ್ರೆಸೆಂಟ್ ಮತ್ತು ಅದರ ಮುಂದಿನ ಹುಲ್ಲುಗಾವಲು ಒಟ್ಟಿಗೆ ತೆರೆದುಕೊಳ್ಳುತ್ತವೆ. ಹುಲ್ಲಿನ ನಡುವೆ ತಗ್ಗಿನಲ್ಲಿ ಅಡಗಿಸಿದ ಒಂದು ಗೋಡೆಯಿದೆ. ದನಕುರಿಗಳು ಮನೆಯತ್ತ ಬರದಂತೆ ತಡೆಯುವ ಆ ಗೋಡೆ, ಮನೆಯವರ ಕಣ್ಣಿಗೆ ಮಾತ್ರ ಬೀಳುವುದಿಲ್ಲ. 1ನೇ ಮನೆ ಈಗ ವಸ್ತುಸಂಗ್ರಹಾಲಯವಾದ್ದರಿಂದ ಒಳಗೆ ಹೋಗಿ ಅಡುಗೆಮನೆಯಿಂದ ಮೇಲಿನವರೆಗೆ ನೋಡಬಹುದು. ಹೊರಗೆ ಬಂದ ಮೇಲೆ ಹುಲ್ಲಿನತ್ತ ತಿರುಗದೆ, ಸಾಲಿನ ತುದಿ ದಾಟಿ ಹಿಂದಿನ ದಾರಿಗೆ ಹೋಗಿ, ಹೊಗೆಗೂಡುಗಳನ್ನೂ ಎತ್ತರ ತಗ್ಗಿನ ಛಾವಣಿಗಳನ್ನೂ ಒಂದಕ್ಕೊಂದು ಹೊಂದದ ಕಿಟಕಿಗಳನ್ನೂ ಸ್ವಲ್ಪ ಹೊತ್ತು ನಿಂತು ನೋಡಬೇಕು.